ಇಂಜಿನ್ ತಿರುಗ್ತಿದ್ರೆ ಬ್ಯಾಟರಿ ತಂಟೆಗೆ ಹೋಗ್ಬೇಡಿ

ಮಳೆಗಾಲ ಬಂತು ಅಂದ್ರೆ ಬೆಳಗ್ಗೆ ಏಳಕ್ಕೇ ಫೋನ್ ಶುರು. "ಅಣ್ಣ, ಗಾಡಿ ಸ್ಟಾರ್ಟ್ ಆಗ್ತಿಲ್ಲ, ಬರ್ತಾ ಒಂದು ಬ್ಯಾಟರಿ ತಗೊಂಡು ಬಂದ್ಬಿಡಿ." ಸೆಲ್ಫ್ ಹೊಡೆದಾಗ ಇಂಜಿನ್ ತಿರುಗುತ್ತಾ ಅಂತ ಕೇಳ್ತೀನಿ. "ಓ, ಜೋರಾಗೇ ತಿರುಗುತ್ತೆ, ಸ್ಟಾರ್ಟ್ ಹಿಡೀತಿಲ್ಲ ಅಷ್ಟೇ." ಹಂಗಾದ್ರೆ ಬ್ಯಾಟರಿ ಯಾಕ್ರೀ? ಅದಕ್ಕೆ ಉತ್ತರ ಇರಲ್ಲ. ಪಕ್ಕದ ಮನೆಯವರು ಹೇಳಿರ್ತಾರೆ, ಇಲ್ಲಾ ಅವರ ಬಾವ ಹೇಳಿರ್ತಾರೆ. ಹೊಸ ಬ್ಯಾಟರಿ ಹಾಕಿಸಿ, ನಾಲ್ಕೈದು ಸಾವಿರ ಕೊಟ್ಟು, ಆಮೇಲೆ ಗಾಡಿ ಎಳೆಸ್ಕೊಂಡು ನನ್ನ ಹತ್ರ ಬಂದವರು ಹಾಸನದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬ್ಯಾಟರಿ ಸೆಲ್ಫ್ ಮೋಟಾರ್‌ಗೆ ಕರೆಂಟ್ ಕೊಡುತ್ತೆ, ಸೆಲ್ಫ್ ಮೋಟಾರ್ ಇಂಜಿನ್ನ ನಿಮಿಷಕ್ಕೆ ಸುಮಾರು 200ರಿಂದ 250 ಸುತ್ತು ತಿರುಗಿಸುತ್ತೆ. ಅಲ್ಲಿಗೆ ಅವರಿಬ್ಬರ ದೊಡ್ಡ ಕೆಲಸ ಮುಗೀತು. ಅಲ್ಲಿಂದಾಚೆ ಪೆಟ್ರೋಲ್ ಒಳಗೆ ಬರ್ಬೇಕು, ಸ್ಪಾರ್ಕ್ ಬೀಳ್ಬೇಕು, ಅದನ್ನ ಗಾಳಿ ಜೊತೆ ಒತ್ತಿ ಹಿಡಿಯೋ ಕಂಪ್ರೆಷನ್ ಇರ್ಬೇಕು, ಇವೆಲ್ಲ ಸರಿಯಾದ ಹೊತ್ತಿಗೆ ಆಗ್ಬೇಕು, ಆಗ ಇಂಜಿನ್ ತಾನೇ ಹಿಡ್ಕೊಂಡು 700-900ರಲ್ಲಿ ಓಡುತ್ತೆ. ಇಂಜಿನ್ ಒಂದೇ ಲಯದಲ್ಲಿ ಚುರುಕಾಗಿ ತಿರುಗ್ತಿದೆ ಅಂದ್ರೆ ಬ್ಯಾಟರಿ ಪಾಸ್, ಸೆಲ್ಫ್ ಪಾಸ್. ಫೇಲ್ ಆಗಿರೋದು ಬೇರೆ ಯಾವನೋ. ಸೌದೆ ಹಸಿ ಇದ್ದಾಗ ಹೊಸ ಬೆಂಕಿಪೊಟ್ಟಣ ತಂದ್ರೆ ಒಲೆ ಉರಿಯುತ್ತಾ?

ಇಲ್ಲೊಂದು ಎಚ್ಚರಿಕೆ, ಇಲ್ಲಾಂದ್ರೆ ನಮ್ಮ ಲೈನಿನವರೇ ಬಂದು ಬೈತಾರೆ. ತಿರುಗೋದು ಅಂದ್ರೆ ಚುರುಕಾಗಿ ತಿರುಗೋದು. ಎಳೆದೂ ಎಳೆದೂ ಉರ್ರ್... ಉರ್ರ್... ಅಂತಿದ್ರೆ, ಡ್ಯಾಶ್‌ಬೋರ್ಡ್ ಲೈಟ್ ಮಂಕಾಗ್ತಿದ್ರೆ, ಅದು ಬ್ಯಾಟರಿನೇ ಇರಬಹುದು, ಇಲ್ಲಾ ಟರ್ಮಿನಲ್ ಲೂಸೋ ಪಾಚಿ ಕಟ್ಟಿರೋದೋ ಇರಬಹುದು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತೆ, ಸೆಲ್ಫ್ ಹೊಡೆಯುವಾಗ ಹತ್ತರ ಸುತ್ತಮುತ್ತ ನಿಲ್ಬೇಕು. ಅದಕ್ಕಿಂತ ತುಂಬಾ ಕೆಳಗೆ ಬಿದ್ರೆ ಇಂಜಿನ್ ನಿಧಾನಕ್ಕೆ ತಿರುಗಿದ್ರೂ ಇಸಿಎಂಗೆ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್‌ಗೆ, ತಲೆ ಓಡಲ್ಲ. ಮೀಟರ್ ಇಟ್ಟು ನೋಡೋದು ಒಂದು ನಿಮಿಷದ ಕೆಲಸ, ಊಹೆ ಬೇಕಾಗಿಲ್ಲ.

ನನಗೆ ನಿಜವಾಗ್ಲೂ ಕೋಪ ಬರೋದು ಇದಾದ ಮೇಲೆ. ಸ್ಟಾರ್ಟ್ ಆಗ್ಲಿಲ್ಲ ಅಂತ ಮತ್ತೆ ಹೊಡೀತಾರೆ, ಮತ್ತೆ ಹೊಡೀತಾರೆ, ಹೆಂಡ್ತಿ ಬಂದು ಒಂದ್ಸಲ, ಮಗ ಬಂದು ಒಂದ್ಸಲ, ಅರ್ಧ ಗಂಟೆ ಆದ್ಮೇಲೆ ಬ್ಯಾಟರಿ ನಿಜವಾಗ್ಲೂ ಕೂತ್ಕೊಳ್ಳುತ್ತೆ. ನಾನು ಹೋಗೋ ಹೊತ್ತಿಗೆ "ನೋಡಿ ನಾನ್ ಹೇಳಿರ್ಲಿಲ್ವಾ, ಬ್ಯಾಟರಿನೇ!" ಅಂತ ನಗ್ತಾ ನಿಂತಿರ್ತಾರೆ. ಸಾರ್, ಅದನ್ನ ಕೊಂದಿದ್ದು ನೀವು. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೇಲೆ ಹೊಡೀಬೇಡಿ, ಹೊಡೆದ್ರೆ ಒಂದು ನಿಮಿಷ ಬಿಡಿ, ಸೆಲ್ಫ್ ಮೋಟಾರ್ ಬಿಸಿಯಾಗುತ್ತೆ. ಎರಡು ಮೂರು ಸಲಕ್ಕೆ ಬರ್ಲಿಲ್ಲ ಅಂದ್ರೆ ಹತ್ತನೇ ಸಲಕ್ಕೂ ಬರಲ್ಲ.

ಅದರ ಬದಲು ಕಿವಿ ಕೊಡಿ. ಪೆಟ್ರೋಲ್ ಗಾಡಿ ಆದ್ರೆ ರೇಡಿಯೋ, ಬ್ಲೋಯರ್ ಎಲ್ಲ ಆಫ್ ಮಾಡಿ ಬರೀ ಕೀ ಆನ್ ಮಾಡಿ, ಸೆಲ್ಫ್ ಬೇಡ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಝೂಂ ಅಂತ ಸಣ್ಣ ಸದ್ದು ಬರ್ಬೇಕು. ಅದು ಟ್ಯಾಂಕ್ ಒಳಗಿರೋ ಫ್ಯೂಯಲ್ ಪಂಪ್. ಸದ್ದೇ ಇಲ್ಲ ಅಂದ್ರೆ ಪಂಪ್, ಅದರ ಫ್ಯೂಸ್, ರಿಲೇ ಅಥವಾ ವೈರಿಂಗ್, ಈ ನಾಲ್ಕರಲ್ಲಿ ಒಂದರ ಮೇಲೆ ನನ್ನ ಅನುಮಾನ. (ಕೆಲವು ಗಾಡೀಲಿ ಡೋರ್ ತೆಗೆದ ತಕ್ಷಣವೇ ಪಂಪ್ ಓಡಿ ನಿಂತಿರುತ್ತೆ, ಹಂಗಾಗಿ ಸದ್ದು ಕೇಳ್ಲಿಲ್ಲ ಅಂತ ನೀವೇ ತೀರ್ಪು ಕೊಡ್ಬೇಡಿ.) ಹಳೇ ಫೋರ್ಡ್, ಫಿಯೆಟ್ ಕೆಲವದ್ರಲ್ಲಿ ಗಾಡಿ ರೋಡಿನ ಗುಂಡೀಲಿ ದಡಾರಂತ ಬಿದ್ರೂ ಪೆಟ್ರೋಲ್ ಕಟ್ ಮಾಡೋ ಒಂದು ಸ್ವಿಚ್ ಇದೆ, ಮೊದಲು ಪೆಟ್ರೋಲ್ ಲೀಕ್ ಇಲ್ಲ ಅಂತ ನೋಡ್ಕೊಂಡು ಆ ಬಟನ್ ಒತ್ತಿದ್ರೆ ಮುಗೀತು, ನಮ್ ರೋಡಿಗೆ ಅದು ಆಗಾಗ ಕೆಲಸ ಕೊಡ್ತಿತ್ತು. ಇನ್ನು ಸದ್ದು ಬಂತು ಅಂದಾಕ್ಷಣ ಪಂಪ್ ಸರಿ ಇದೆ ಅಂತಾನೂ ಅಲ್ಲ. ಮಾಮೂಲಿ ಇಂಜೆಕ್ಷನ್ ಗಾಡಿಗೆ ಸುಮಾರು 3 ಬಾರ್ ಪ್ರೆಷರ್ ಬೇಕು, ಅದನ್ನ ಗೇಜ್ ಹಾಕಿಯೇ ನೋಡ್ಬೇಕು.

ಪಂಪ್ ಮಾತು ಬಂದಿದ್ದಕ್ಕೆ ನಮ್ಮ ಮೇಷ್ಟ್ರ ಕಥೆ. ರಿಟೈರ್ಡ್ ಹೆಡ್‌ಮಾಸ್ಟರ್, ಕಂಪನಿ ಫಿಟ್ಟಿಂಗ್ ಸಿಎನ್‌ಜಿ ವ್ಯಾಗನ್ ಆರ್ ಇಟ್ಟಿದ್ದಾರೆ, ಪೆಟ್ರೋಲಿಗೆ ದುಡ್ಡು ಹಾಕೋದು ಅಂದ್ರೆ ಅವರಿಗೆ ಪಾಪ ಮಾಡಿದಂಗೆ. ಪೆಟ್ರೋಲ್ ಮುಳ್ಳು ಯಾವಾಗ್ಲೂ ರಿಸರ್ವ್ ಕೆಳಗೇ. "ಗ್ಯಾಸ್ ಫುಲ್ ಇದೆಯಲ್ಲಪ್ಪ, ಮತ್ಯಾಕೆ ಸ್ಟಾರ್ಟ್ ಆಗಲ್ಲ?" ಅಂತ ನನ್ನನ್ನೇ ಪಾಠ ಒಪ್ಪಿಸೋ ಹುಡುಗನ ಥರ ಕೇಳಿದ್ರು. ಮೇಷ್ಟ್ರೇ, ನಿಮ್ಮ ಗಾಡಿ ಸ್ಟಾರ್ಟ್ ಆಗೋದು ಪೆಟ್ರೋಲಲ್ಲಿ, ಆಮೇಲೆ ಗ್ಯಾಸಿಗೆ ಹೋಗೋದು. ಟಾಟಾದವ್ರ ಸಿಎನ್‌ಜಿ ನೇರ ಗ್ಯಾಸಲ್ಲೇ ಸ್ಟಾರ್ಟ್ ಆಗುತ್ತೆ, ನಿಮ್ದಲ್ಲ. ಅದೂ ಅಲ್ದೆ ಟ್ಯಾಂಕಲ್ಲಿರೋ ಪಂಪ್ ತಣ್ಣಗಿರೋದೇ ಸುತ್ತ ಇರೋ ಪೆಟ್ರೋಲಿಂದ, ಅದಿಲ್ಲದೆ ಓಡಿ ಓಡಿ ಕಾದು ಹೋಗುತ್ತೆ. ಪಂಪ್ ಬಿಲ್ ನೋಡಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡ್ರು. ಈಗ್ಲೂ ಪೆಟ್ರೋಲ್ ಹಾಕಿಸಿದಾಗೆಲ್ಲ ನನಗೆ ಫೋನ್ ಮಾಡಿ ಹೇಳ್ತಾರೆ, ಕಾಲು ಟ್ಯಾಂಕ್ ಇದೆ ಕಣಯ್ಯ ಅಂತ.

ಆಮೇಲೆ ಕೀ. ಡ್ಯಾಶ್‌ಬೋರ್ಡಲ್ಲಿ ಕೀ ಚಿತ್ರದ್ದೋ ಬೀಗದ ಚಿತ್ರದ್ದೋ ಲೈಟ್ ಮಿಣುಕ್ತಿದ್ರೆ ಇಮ್ಮೊಬಿಲೈಸರ್, ಅಂದ್ರೆ ಬೇರೆ ಕೀಗೆ ಸ್ಟಾರ್ಟ್ ಆಗದಂಗೆ ತಡೆಯೋ ಕಳ್ಳರ ಕಾವಲು, ನಿಮ್ಮ ಕೀಯನ್ನ ಗುರುತು ಹಿಡೀತಿಲ್ಲ. ಎಷ್ಟೋ ಗಾಡೀಲಿ ಇಂಜಿನ್ ಚೆನ್ನಾಗೇ ತಿರುಗುತ್ತೆ, ಹಿಡಿಯಲ್ಲ, ಅಥವಾ ಒಂದು ಸೆಕೆಂಡ್ ಹಿಡಿದು ನಿಂತ್ಹೋಗುತ್ತೆ. ಚನ್ನರಾಯಪಟ್ಟಣದಲ್ಲಿ ಒಂದು ಮದುವೆ ಛತ್ರದ ಮುಂದೆ ಇದೇ ಗಲಾಟೆ, ಮುಹೂರ್ತಕ್ಕೆ ಟೈಮ್ ಆಗಿದೆ, ಹುಡುಗನ ಕಾರು ಅಲ್ಲಾಡ್ತಿಲ್ಲ, ಹತ್ತು ಜನ ಬಾನೆಟ್ ಒಳಗೆ ತಲೆ ಹಾಕಿದ್ದಾರೆ. ಮನೇಲಿರೋ ಇನ್ನೊಂದು ಕೀ ತರ್ಸಿ ಅಂದೆ. ಬಂತು, ಒಂದೇ ಸಲಕ್ಕೆ ಸ್ಟಾರ್ಟ್. ಮೊದಲನೇ ಕೀ ಹಿಂದಿನ ದಿನ ಬಕೆಟ್ ನೀರಲ್ಲಿ ಬಿದ್ದಿತ್ತಂತೆ, ಅದನ್ನ ಯಾರೂ ಬಾಯಿ ಬಿಟ್ಟಿರ್ಲಿಲ್ಲ.

ಇನ್ನೊಂದು ಥರದವರು ಶಿರಾಡಿ ಘಾಟ್ ಹತ್ತಿ ಬಂದು ದೋಣಿಗಾಲ್ ಹತ್ರ ಟೀಗೆ ನಿಲ್ಲಿಸಿದವರು. ಟೀ ಕುಡಿದು ಬಂದ್ರೆ ಸ್ಟಾರ್ಟ್ ಇಲ್ಲ, ಮುಕ್ಕಾಲು ಗಂಟೆ ಬಿಟ್ರೆ ಏನೂ ಆಗಿಲ್ಲ ಅನ್ನೋ ಥರ ಸ್ಟಾರ್ಟ್. ಬಿಸಿ ಇದ್ದಾಗ ಕೈಕೊಟ್ಟು ತಣ್ಣಗಾದ್ಮೇಲೆ ಸರಿಹೋದ್ರೆ ನಾನು ಮೊದಲು ನೋಡೋದು ಕ್ರ್ಯಾಂಕ್ ಸೆನ್ಸರ್, ಇಂಜಿನ್ ತಿರುಗ್ತಿದೆ ಅಂತ ಇಸಿಎಂಗೆ ಹೇಳೋದು ಅದೇ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪನೂ ಅಲ್ಲಾಡದೇ ಇದ್ರೆ ಅನುಮಾನ ಜಾಸ್ತಿ, ಎಲ್ಲ ಗಾಡೀಲೂ ಈ ಲೆಕ್ಕ ನಡೆಯಲ್ಲ ಮತ್ತೆ. ಸ್ಕ್ಯಾನರ್ ಹಾಕಿದ್ರೆ ಪಿ0335 ಅಂತ ಬರಬಹುದು. ಬಂದ್ರೂ ಆ ಕೋಡ್ ಹೇಳೋದು ಆ ಸರ್ಕ್ಯೂಟಲ್ಲಿ ತೊಂದರೆ ಇದೆ ಅಂತ, ಸೆನ್ಸರ್ ಬದಲಾಯಿಸು ಅಂತಲ್ಲ. ಮಲೆನಾಡು ಕಡೆ ಗಾಡಿಗಳಲ್ಲಿ ಸೆನ್ಸರ್ ಚೆನ್ನಾಗೇ ಇರುತ್ತೆ, ವೈರನ್ನ ಇಲಿ ತಿಂದಿರುತ್ತೆ.

ತಳ್ಳೋ ವಿಷಯ. ಸೆಲ್ಫ್ ತಿರುಗದೇ ಇದ್ದಾಗ ಗೇರ್ ಗಾಡಿ ತಳ್ಳಿ ಸ್ಟಾರ್ಟ್ ಮಾಡೋದ್ರಲ್ಲಿ ಅರ್ಥ ಇದೆ. ಸೆಲ್ಫ್ ಚೆನ್ನಾಗಿ ತಿರುಗ್ತಿರುವಾಗ ತಳ್ಳಿದ್ರೆ ಮೋಟಾರ್ ಆಗ್ಲೇ ಮಾಡಿ ಮುಗಿಸಿದ ಕೆಲಸಾನೇ ನಾಲ್ಕು ಜನ ಬೆವರು ಸುರಿಸಿ ಮತ್ತೆ ಮಾಡ್ತೀರಿ, ಜೊತೆಗೆ ಉರೀದೇ ಇರೋ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು. ಹೊಡೆದೂ ಹೊಡೆದೂ ಪೆಟ್ರೋಲ್ ವಾಸನೆ ಬರ್ತಿದ್ರೆ ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದ್ಸಲ ಹೊಡೀರಿ, ಹೆಚ್ಚಿನ ಇಂಜೆಕ್ಷನ್ ಗಾಡೀಲಿ ಆಗ ಪೆಟ್ರೋಲ್ ಕಟ್ ಆಗಿ ಪ್ಲಗ್ ಒಣಗುತ್ತೆ. ಏರ್ ಫಿಲ್ಟರ್‌ಗೆ ಪೆಟ್ರೋಲ್ ಸುರಿಯೋ ಬುದ್ಧಿವಂತರು ಮಾತ್ರ ದಯವಿಟ್ಟು ನನ್ನ ಗ್ಯಾರೇಜಿಂದ ದೂರ ನಿಂತು ಮಾಡಿ.

ಇನ್ನು ಕೀ ಮುಟ್ಟಲೇಬಾರದ ಸಂದರ್ಭಗಳು. ಓಡ್ತಾ ಓಡ್ತಾ ಟಪ್ ಅಂತ ಆಫ್ ಆಗಿ, ಆಮೇಲೆ ಸೆಲ್ಫ್ ಹೊಡೆದ್ರೆ ಯಾವತ್ತಿಗಿಂತ ಹಗುರವಾಗಿ, ಭಾರವೇ ಇಲ್ಲದಂಗೆ ಸುಂಯ್ ಅಂತ ತಿರುಗಿದ್ರೆ ವಾಲ್ವ್‌ಗಳನ್ನ ಸರಿಯಾದ ಹೊತ್ತಿಗೆ ತೆಗೆದು ಮುಚ್ಚಿಸೋ ಟೈಮಿಂಗ್ ಬೆಲ್ಟ್ ಹೋಗಿರಬಹುದು, ಇನ್ನೊಂದ್ಸಲ ಹೊಡೆದ್ರೆ ಇನ್ನಷ್ಟು ವಾಲ್ವ್ ಬಗ್ಗಬಹುದು. ಡಸ್ಟರ್ 1.5 ಡೀಸೆಲ್ ಥರದವಕ್ಕೆ ಬೆಲ್ಟ್, ಹಳೇ ಸ್ವಿಫ್ಟ್ 1.3 ಡೀಸೆಲ್‌ಗೆ ಚೈನ್, ನಿಮ್ಮದು ಯಾವುದು ಅಂತ ಮೊದಲೇ ತಿಳ್ಕೊಂಡಿರಿ. ಡೀಸೆಲ್ ಗಾಡಿಗೆ ಬಂಕಲ್ಲಿ ಪೆಟ್ರೋಲ್ ಹಾಕಿಬಿಟ್ರೆ ಕೀ ಆನ್ ಕೂಡ ಬೇಡ, ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಪೆಟ್ರೋಲಲ್ಲಿ ಓಡಿದ್ರೆ ಅದು ಸವೆದು ಪುಡಿ ಇಂಜೆಕ್ಟರ್ ತನಕ ಹೋಗುತ್ತೆ, ಅಲ್ಲೇ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡ್ಸಿ. ಮತ್ತೆ ಬೆಂಗಳೂರಿನ ಅಂಡರ್‌ಪಾಸಲ್ಲೋ ನಮ್ಮ ಹಳ್ಳದಲ್ಲೋ ನೀರೊಳಗೆ ಗಾಡಿ ಆಫ್ ಆದ್ರೆ ಸೆಲ್ಫ್ ಹೊಡೀಲೇಬೇಡಿ. ಇಂಜಿನ್ ಒಳಗೆ ಹೋದ ನೀರು ಒತ್ತಿದ್ರೆ ಕುಗ್ಗಲ್ಲ, ಪಿಸ್ಟನ್ ತಳ್ಳೋ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಇನ್ಶೂರೆನ್ಸ್‌ನವರೂ ನೀರಲ್ಲಿ ಸೆಲ್ಫ್ ಹೊಡೆದು ಹಾಳಾದ ಇಂಜಿನ್‌ಗೆ, ಇಂಜಿನ್ ಪ್ರೊಟೆಕ್ಷನ್ ಆಡ್‌ಆನ್ ಇಲ್ದಿದ್ರೆ, ಸಾಮಾನ್ಯವಾಗಿ ಕೈ ಎತ್ತುತ್ತಾರೆ, ಪಾಲಿಸಿ ಒಂದ್ಸಲ ತೆಗೆದು ಓದಿ. ಮೊದಲು ಮನುಷ್ಯರು ಆಚೆ ಬನ್ನಿ, ನೀರು ಎಲ್ಲೀತನಕ ಬಂದಿತ್ತು ಅಂತ ಕಾಣೋ ಹಂಗೆ ಫೋಟೋ ತೆಗೀರಿ, ಇನ್ಶೂರೆನ್ಸ್‌ಗೆ ತಿಳಿಸಿ, ನೀರು ಇಳಿದ ಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿಸಿ ಫ್ಲ್ಯಾಟ್‌ಬೆಡ್ ಮೇಲೇ ಕಳ್ಸಿ.