ಜೋರಾಗಿ ಒತ್ತಬೇಡಿ, ಸುಮ್ನೆ ಹಿಡಿಯಿರಿ

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಹೋದರೆ, ಅಡತ್ (ದಲ್ಲಾಳಿ) ಅಂಗಡಿಯ ಗಾದಿ ಮೇಲೆ ಕೂತವರ ಕೈಯಲ್ಲಿ ಖಾತೆ ಪುಸ್ತಕದ ಜೊತೆ ಫೋನೂ ಇರುತ್ತದೆ. ತೂಕದ ಚೀಟಿಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಅವುಗಳಲ್ಲಿ ನಾಲ್ಕನ್ನು ಆರಿಸಿ ದಾಲ್ ಮಿಲ್‌ನವರಿಗೆ ಕಳಿಸಬೇಕು. ಮೊದಲನೆಯದರ ಮೇಲೆ ಹೆಬ್ಬೆರಳು ಹಿಡಿಯುತ್ತಾರೆ. ಫೋನ್ ಜುಮ್ ಅನ್ನುತ್ತದೆ, ಆ ಸಾಲಿನ ಬಣ್ಣ ಬದಲಾಗುತ್ತದೆ. ಉಳಿದ ಮೂರನ್ನು ಮುಟ್ಟಿದರೆ ಸಾಕು. ಪಕ್ಕದಲ್ಲಿ ಕೂತವರು ಅದನ್ನೇ ಮಾಡಲು ಹೋದರೆ ಫೋಟೊ ತೆರೆದುಕೊಳ್ಳುತ್ತದೆ, ಇಲ್ಲವೇ ಪಟ್ಟಿ ಸರಕ್ಕನೆ ಮೇಲೆ ಓಡುತ್ತದೆ. ‘ಜೋರಾಗಿ ಒತ್ರಿ’ ಅಂತ ಯಾರೋ ಹೇಳುತ್ತಾರೆ. ಅವರು ಒತ್ತುತ್ತಾರೆ. ಆಗ ಇನ್ನೂ ಕೆಡುತ್ತದೆ.

ಯಾಕೆಂದರೆ ನಮ್ಮ ಫೋನ್‌ಗಳಲ್ಲಿ ಬಹುಪಾಲಿಗೆ ಒತ್ತಡ ಅಂದರೆ ಏನಂತಲೇ ಗೊತ್ತಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ವಾಹಕ ಗೆರೆಗಳ ಬಲೆ ಇದೆ. ಸಾಮಾನ್ಯವಾಗಿ ಅದು ಇಂಡಿಯಮ್ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಸ್ತುವಿನದು. ನಮ್ಮ ಮೈಯೂ ವಿದ್ಯುತ್ ವಾಹಕವೇ ಅಲ್ವಾ? ಬೆರಳು ಹತ್ತಿರ ಬಂದರೆ ಆ ಜಾಗದ ಗೆರೆಗಳ ನಡುವಿನ ವಿದ್ಯುತ್ ಸ್ಥಿತಿ ಸ್ವಲ್ಪ ಬದಲಾಗುತ್ತದೆ. ಫೋನ್ ಸೆಕೆಂಡಿಗೆ ಹತ್ತಾರು ಸಲ ಇಡೀ ಬಲೆಯನ್ನು ತಡವಿ ನೋಡಿ, ಬದಲಾದ ಜಾಗದ ನಡುಬಿಂದುವನ್ನು ಲೆಕ್ಕ ಹಾಕುತ್ತದೆ. ಜೋರಾಗಿ ಒತ್ತಿದರೆ ಬೆರಳ ತುದಿ ಚಪ್ಪಟೆಯಾಗಿ ಹರಡುತ್ತದೆ, ಕೊಂಚ ಉರುಳುತ್ತದೆ. ನಡುಬಿಂದು ಸರಿಯುತ್ತದೆ. ಫೋನ್‌ಗೆ ಅದು ಬೆರಳು ಜರುಗಿದ ಹಾಗೆ. ನಿಜವಾಗಿಯೂ ಒತ್ತಡ ಅಳೆಯುವ ಪರದೆಯನ್ನು ಆ್ಯಪಲ್ 2015ರಲ್ಲಿ ಐಫೋನ್ 6ಎಸ್‌ನಲ್ಲಿ ತಂದಿತ್ತು. 2019ರ ಐಫೋನ್ 11ರಲ್ಲಿ ಅದನ್ನು ಬಿಟ್ಟು, ಬೆರಳು ಎಷ್ಟು ಹೊತ್ತು ನಿಂತಿತು ಎಂದು ಎಣಿಸುವ ಗಡಿಯಾರಕ್ಕೇ ಮತ್ತೆ ಮರಳಿತು.

ಹೌದು, ಎಲ್ಲ ನಡೆಯೋದು ಗಡಿಯಾರದ ಮೇಲೆ. ಬೆರಳು ತಾಗಿದ ಕ್ಷಣದಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಫೋನ್‌ಗೆ ತಿಳಿಯದು. ತೆರೆಯಬೇಕಾ, ಪಟ್ಟಿ ಸರಿಸಬೇಕಾ, ಆರಿಸಬೇಕಾ? ಅದು ಸುಮ್ಮನೆ ಎಣಿಸತೊಡಗುತ್ತದೆ. ಐಫೋನ್‌ನಲ್ಲಿ ಅರ್ಧ ಸೆಕೆಂಡು. ಆಂಡ್ರಾಯ್ಡ್‌ನಲ್ಲಿ ಮೊದಲು 500 ಮಿಲಿಸೆಕೆಂಡು ಇತ್ತು, ಈಗ 400. ಅಷ್ಟರೊಳಗೆ ಬೆರಳು ಎತ್ತಿದರೆ ‘ತೆರೆ’ ಎಂದರ್ಥ. ಬೆರಳು ಜರುಗಿದರೆ ‘ಸರಿಸು’ ಎಂದರ್ಥ. ಎರಡೂ ಆಗದೆ ಸಮಯ ಮುಗಿದರೆ ಮಾತ್ರ ‘ಆರಿಸು’.

ಎಷ್ಟು ಜರುಗಿದರೆ ಜರುಗಿದಂತೆ? ಆಂಡ್ರಾಯ್ಡ್‌ನ ಲೆಕ್ಕದಲ್ಲಿ 8 ಡಿಪಿ. ಒಂದು ಡಿಪಿ ಅಂದರೆ ಸುಮಾರು ಇಂಚಿನ 160ನೇ ಒಂದು ಭಾಗ. ಒಟ್ಟು ಒಂದೂಕಾಲು ಮಿಲಿಮೀಟರ್ ಆಯಿತು. ಬಸ್ಸಿನಲ್ಲಿ ಕೂತು ಸೇಡಂ ರಸ್ತೆಯ ಗುಂಡಿಗಳ ಮೇಲೆ ಕುಲುಕುವಾಗ ಬೆರಳನ್ನು ಅಷ್ಟರೊಳಗೆ ನಿಲ್ಲಿಸೋದು ಸುಲಭ ಅಲ್ಲ. ಇಲ್ಲೇ ಇನ್ನೊಂದು ನಾಜೂಕು ಇದೆ. ಸರಿಯುವ ಪಟ್ಟಿಯಲ್ಲಿ ಬೆರಳು ತಾಗಿದ್ದನ್ನು ತೋರಿಸುವ ಬಣ್ಣ (ಆಯ್ಕೆಯ ಬಣ್ಣವಲ್ಲ) ತಕ್ಷಣ ಬರುವುದಿಲ್ಲ, 100 ಮಿಲಿಸೆಕೆಂಡು ತಡೆಯುತ್ತದೆ. ಹಾಗೆ ತಡೆಯದಿದ್ದರೆ ಪಟ್ಟಿ ಸರಿಸಿದಾಗಲೆಲ್ಲ ಸಾಲುಗಳು ಮಿಣಮಿಣ ಅನ್ನುತ್ತಿದ್ದವು.

ಬೆರಳು ಎತ್ತುವಾಗ ಒಂದು ಗಂಡಾಂತರ ಕಾದಿರುತ್ತದೆ. ಸಾಲು ಆಯ್ಕೆಯಾಯಿತು, ಸರಿ. ಈಗ ಬೆರಳು ಎತ್ತಿದ್ದನ್ನು ಫೋನ್ ‘ಮುಟ್ಟಿದರು’ ಅಂತ ತಿಳಿದರೆ ಆರಿಸಿದ್ದು ಅಲ್ಲೇ ಬಿಟ್ಟುಹೋಗುತ್ತದೆ, ಇಲ್ಲವೇ ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಹಿಡಿತವನ್ನು ಗಮನಿಸುವ ಕೋಡ್ ಕೊನೆಗೆ ‘ಟ್ರೂ’ (ಹೌದು) ಅಂತ ಉತ್ತರ ಕೊಡಬೇಕು. ಇದನ್ನು ನಾನು ನೋಡಿಕೊಂಡೆ, ಮುಂದೆ ಏನೂ ಮಾಡಬೇಡ ಎಂದು. ‘ಫಾಲ್ಸ್’ (ಇಲ್ಲ) ಅಂದರೆ ಬೆರಳು ಎತ್ತಿದಾಗ ಎರಡನೇ ಕೆಲಸವೂ ನಡೆದುಬಿಡುತ್ತದೆ. ಹೊಸಬರ ಆ್ಯಪ್‌ಗಳಲ್ಲಿ ಈ ಒಂದು ಪದದ ತಪ್ಪು ಪದೇ ಪದೇ ಕಾಣುತ್ತದೆ.

ಇನ್ನು ಆರಿಸಿದ್ದನ್ನು ನೆನಪಿಡುವ ವಿಷಯ. ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸೋದು ಇದೇ. ಪಟ್ಟಿಯಲ್ಲಿ ಸಾವಿರ ಫೋಟೊ ಇದ್ದರೂ ಫೋನ್ ಸಾವಿರ ಸಾಲು ಮಾಡಿಡುವುದಿಲ್ಲ. ಪರದೆಯಲ್ಲಿ ಹಿಡಿಸುವ ಹತ್ತು ಹನ್ನೆರಡನ್ನು ಮಾಡಿ, ಅವನ್ನೇ ತಿರುಗಿಸಿ ಬಳಸುತ್ತದೆ. ಆಂಡ್ರಾಯ್ಡ್‌ನಲ್ಲಿ 2014ರಿಂದ ಬಳಕೆಗೆ ಬಂದ ರೀಸೈಕ್ಲರ್‌ವ್ಯೂ ಎಂಬ ಸಲಕರಣೆಯ ಹೆಸರಲ್ಲೇ ಆ ಗುಟ್ಟಿದೆ. ನಮ್ಮ ರೊಟ್ಟಿ ಖಾನಾವಳಿಯ ತಟ್ಟೆಗಳನ್ನು ನೆನೆಸಿಕೊಳ್ಳಿ. ಇರೋದು ಮೂವತ್ತೇ ತಟ್ಟೆ, ಉಣ್ಣುವವರು ಮುನ್ನೂರು ಜನ. ಎದ್ದವರ ತಟ್ಟೆ ತೊಳೆದು ಬಂದವರಿಗೆ ಇಡುತ್ತಾರೆ. ‘ಇವರು ದುಡ್ಡು ಕೊಟ್ಟರು’ ಎಂದು ಮಾಲೀಕ ತಟ್ಟೆಗೇ ಗುರುತು ಹಾಕಿದರೆ, ಮುಂದೆ ಅದೇ ತಟ್ಟೆಯಲ್ಲಿ ಉಂಡವರಿಗೆಲ್ಲ ಊಟ ಪುಕ್ಕಟೆ! ಆ್ಯಪ್‌ನಲ್ಲೂ ಹೀಗೇ ಆಗುತ್ತದೆ. ಮೂರನೇ ಸಾಲನ್ನು ಆರಿಸಿ ಕೆಳಗೆ ಸರಿಸಿದರೆ ಹದಿನೈದನೆಯದೂ ನೀಲಿಯಾಗಿ ಕೂತಿರುತ್ತದೆ. ಅದನ್ನು ಯಾರೂ ಮುಟ್ಟಿಯೇ ಇರುವುದಿಲ್ಲ.

‘ಮೂರನೆಯದು’ ಅಂತ ನೆನಪಿಟ್ಟರೂ ಸಾಲದು. ನೀವು ಆರಿಸುತ್ತಿರುವಾಗಲೇ ಹೊಸದೊಂದು ಬಂದು ಪಟ್ಟಿಯ ಮೇಲೆ ಕೂತರೆ ಮೂರನೆಯದು ನಾಲ್ಕನೆಯದಾಗುತ್ತದೆ. ಅಳಿಸು ಅಂದರೆ ಬೇರೆ ಯಾರದ್ದೋ ಚೀಟಿ ಹೋಗುತ್ತದೆ. ಅದಕ್ಕೇ ಪ್ರತಿ ಫೋಟೊಗೂ ಬದಲಾಗದ ಒಂದು ಗುರುತಿನ ಸಂಖ್ಯೆ ಇರಬೇಕು. ಆರಿಸಿದವುಗಳ ಸಂಖ್ಯೆಗಳನ್ನು ಬೇರೆಯಾಗಿ ಬರೆದಿಟ್ಟು, ಪ್ರತಿ ಸಾಲು ಪರದೆಗೆ ಬರುವಾಗಲೂ ಅದನ್ನು ನೋಡಿಯೇ ಬಣ್ಣ ಹಚ್ಚಬೇಕು. ಫೋನ್ ಅಡ್ಡ ತಿರುಗಿಸಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಇಡೀ ಪರದೆಯನ್ನೇ ಕೆಡವಿ ಹೊಸದಾಗಿ ಕಟ್ಟುತ್ತದೆ. ಆಗಲೂ ಆ ಬರಹ ಉಳಿಯಬೇಕು.

ಮೊದಲು ಒತ್ತಿ ಹಿಡಿದರೆ ಒಂದು ಸಣ್ಣ ಮೆನು ತೆರೆಯುತ್ತಿತ್ತು. ಮೇಲ್ಪಟ್ಟಿಯಲ್ಲಿ ಎಣಿಕೆ ತೋರಿಸಿ ಹಲವನ್ನು ಒಟ್ಟಿಗೆ ಆರಿಸುವ ಈಗಿನ ಕ್ರಮ ಬಂದದ್ದು 2011ರ ಆಂಡ್ರಾಯ್ಡ್ 3.0ರಿಂದ. ಕ್ರಮವೇನೋ ಚೆನ್ನಾಗಿದೆ. ಆದರೆ ಇಲ್ಲಿ ಒತ್ತಿ ಹಿಡಿಯಬಹುದು ಅಂತ ಪರದೆ ಎಲ್ಲೂ ಹೇಳುವುದಿಲ್ಲ, ಯಾರಾದರೂ ತೋರಿಸಿಕೊಡಬೇಕು. ಈ ಮೌನ ನನಗೆ ಇಷ್ಟವಿಲ್ಲ. ಜಿಮೇಲ್‌ನಲ್ಲಿ ಕಳಿಸಿದವರ ದುಂಡನೆಯ ಚಿತ್ರ ಮುಟ್ಟಿದರೂ ಪತ್ರ ಆಯ್ಕೆಯಾಗುತ್ತದೆ. ಅಂಥ ಇನ್ನೊಂದು ದಾರಿ ಎಲ್ಲ ಪಟ್ಟಿಗಳಲ್ಲೂ ಇರಬೇಕು.

ಹೊಲದ ಕೆಲಸದಲ್ಲಿ ಬೆರಳ ತುದಿ ದಡ್ಡುಗಟ್ಟಿದವರಿಗೆ ಅದು ಇನ್ನೂ ಜಾಸ್ತಿ ಬೇಕು. ದಪ್ಪ, ಒಣ ಚರ್ಮದ ಗುರುತು ಬಲೆಗೆ ಕ್ಷೀಣವಾಗಿ ಸಿಗುತ್ತದೆ. ನಡುವೆ ಒಂದು ಕ್ಷಣ ತಪ್ಪಿದರೂ ಎಣಿಕೆ ಮೊದಲಿಂದ ಶುರು. ಮೇ ತಿಂಗಳಲ್ಲಿ ಕಲಬುರಗಿಯ ಬೆವರು ಪರದೆಗೆ ಬಿದ್ದರೆ ಉಲ್ಟಾ ತೊಂದರೆ, ಹನಿಯೂ ಬೆರಳಿನಂತೆ ಕಾಣಬಹುದು. ಇನ್ನು ಕೈ ನಡುಗುವ, ನಿಧಾನವಾಗಿ ಬೆರಳು ಎತ್ತುವ ಹಿರಿಯರಿಗೆ ಬೇಡದಿದ್ದರೂ ಆಯ್ಕೆ ಆಗಿಬಿಡುತ್ತದೆ. ಅವರಿಗಾಗಿ ಆಂಡ್ರಾಯ್ಡ್‌ನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಈ ಕಾಯುವ ಸಮಯವನ್ನು ಹೆಚ್ಚಿಸಬಹುದು. ಆ್ಯಪ್ ಬರೆಯುವವರು ಕೋಡ್‌ನಲ್ಲಿ ಆ ಸೆಟ್ಟಿಂಗ್ ಕೇಳಿಕೊಳ್ಳದೆ 500 ಅಂತ ತಾವೇ ಬರೆದುಬಿಟ್ಟರೆ, ಅಜ್ಜಿ ಅಲ್ಲಿ ಏನು ಬದಲಿಸಿದರೂ ಆ ಆ್ಯಪ್‌ಗೆ ಗೊತ್ತೇ ಆಗುವುದಿಲ್ಲ.