ವೇಕ್-ಅಪ್ ಸಿಗ್ನಲ್ ಅಂದರೇನು?

ಶಿರಸಿ ಸುತ್ತಲಿನ ಅಡಿಕೆ ತೋಟಗಳು ಹೆಚ್ಚಾಗಿ ಗುಡ್ಡಗಳ ನಡುವಿನ ತಗ್ಗಿನಲ್ಲಿರುತ್ತವೆ. ಮನೆ ಮೇಲೆ, ತೋಟ ಕೆಳಗೆ. ಆ ತೋಟದ ನೀರಿನ ವಾಲ್ವಿಗೆ ಒಂದು ಬ್ಯಾಟರಿ, ಒಂದು ಸಿಮ್ ಹಾಕಿ ಮನೆಯಿಂದಲೇ ತೆರೆಯುವ ಹಾಗೆ ಮಾಡಿದ್ದೀರಿ ಅಂದುಕೊಳ್ಳಿ. ವಾಲ್ವ್ ತಿರುಗುವುದು ದಿನಕ್ಕೆ ಒಂದೆರಡು ಸಲ, ಅದೂ ಕೆಲವು ಸೆಕೆಂಡು ಮಾತ್ರ. ಬ್ಯಾಟರಿಯನ್ನು ತಿನ್ನುವುದು ಆ ಕೆಲಸವಲ್ಲ, ಕಾಯುವ ಕೆಲಸ. ‘ನನಗೇನಾದರೂ ಸಂದೇಶ ಬಂತಾ?’ ಎಂದು ರೇಡಿಯೊ ಮತ್ತೆ ಮತ್ತೆ ಕಿವಿಗೊಡಬೇಕಲ್ವಾ, ಅದಕ್ಕೇ ಜಾಸ್ತಿ ಖರ್ಚು.

ಈ ಖರ್ಚನ್ನು ಇಳಿಸಲೆಂದು ಬಂದದ್ದು ವೇಕ್-ಅಪ್ ಸಿಗ್ನಲ್. ಪೂರ್ತಿ ಸಂದೇಶಕ್ಕೆ ಮೊದಲು ಟವರ್ ಕಳಿಸುವ ಚುಟುಕು ಸಂಕೇತ ಇದು. ಸಂಕೇತ ಬಂದರೆ ಸಾಧನ ಏಳುತ್ತದೆ, ಬರದಿದ್ದರೆ ಮತ್ತೆ ಮಲಗುತ್ತದೆ.

ಇದು ಎಷ್ಟು ಬಿಗಿಯಾದ ಲೆಕ್ಕ ಅಂತ ನೋಡಿ. ಎನ್‌ಬಿ-ಐಒಟಿ ಎಂಬ ಮೊಬೈಲ್ ತಂತ್ರಜ್ಞಾನ ಇಂಥ ಸಣ್ಣ ಸಾಧನಗಳಿಗೆಂದೇ ಇದೆ. ಅದನ್ನು ರೂಪಿಸುವಾಗ ಇಟ್ಟುಕೊಂಡ ಗುರಿ, 5 ವ್ಯಾಟ್-ಅವರ್ ಬ್ಯಾಟರಿಯಲ್ಲಿ 10 ವರ್ಷ ನಡೆಯಬೇಕು ಎಂಬುದು. ಹತ್ತು ವರ್ಷ ಅಂದರೆ ಸುಮಾರು 87,600 ಗಂಟೆ. ಭಾಗಿಸಿದರೆ ಸರಾಸರಿ 57 ಮೈಕ್ರೊವ್ಯಾಟ್ ಸಿಗುತ್ತದೆ. ಆದರೆ ಮಾಮೂಲಿ ರಿಸೀವರ್ ಎಚ್ಚರವಾಗಿದ್ದರೆ ಹತ್ತಾರು ಮಿಲಿವ್ಯಾಟ್ ಬೇಕು. 57 ಮಿಲಿವ್ಯಾಟ್ ಅಂತಲೇ ಹಿಡಿಯಿರಿ. ಆಗ ಬೇರೆ ಯಾವ ಕೆಲಸವನ್ನೂ ಮಾಡದೆ ಸುಮ್ನೆ ಕೇಳಿಸಿಕೊಳ್ಳಲಿಕ್ಕೇ ದಿನಕ್ಕೆ ಸಿಗುವುದು ಒಂದೂವರೆ ನಿಮಿಷಕ್ಕಿಂತ ಕಡಿಮೆ!

ವೇಕ್-ಅಪ್ ಸಿಗ್ನಲ್ ಬರುವ ಮೊದಲು ಇದಕ್ಕಿದ್ದ ಪರಿಹಾರ ಉದ್ದದ ನಿದ್ದೆ. ನೆಟ್‌ವರ್ಕು ಒಂದು ಸಾಧನವನ್ನು ಕರೆಯುವುದಕ್ಕೆ ಪೇಜಿಂಗ್ ಎನ್ನುತ್ತಾರೆ. ನಮ್ಮ ಮಾಮೂಲಿ 4ಜಿ ಫೋನ್ ಹೆಚ್ಚೆಂದರೆ 2.56 ಸೆಕೆಂಡಿಗೊಮ್ಮೆ ಎದ್ದು ಪೇಜಿಂಗ್ ಇದೆಯಾ ಎಂದು ನೋಡುತ್ತದೆ. ಇಡಿಆರ್‌ಎಕ್ಸ್ ಎಂಬ ವ್ಯವಸ್ಥೆಯಲ್ಲಿ ಎನ್‌ಬಿ-ಐಒಟಿ ಸಾಧನ ಹತ್ತಿರ ಹತ್ತಿರ 2 ಗಂಟೆ 55 ನಿಮಿಷ ಮಲಗಬಹುದು. ಪಿಎಸ್‌ಎಂ ಎಂಬುದು ಇನ್ನೊಂದು ವ್ಯವಸ್ಥೆ, ಇನ್ನೂ ಗಾಢ ನಿದ್ದೆಯದು. ಸಾಧನ ತಾನಾಗಿ ಏಳುವವರೆಗೆ ಯಾರು ಕರೆದರೂ ಅದಕ್ಕೆ ಕೇಳುವುದಿಲ್ಲ.

ಬ್ಯಾಟರಿ ಉಳಿಯಿತು, ನಿಜ. ಆದರೆ ಎಲ್ಲ ಕಡೆ ಇದು ನಡೆಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಅಂಥ ಗುಡ್ಡದ ಓರೆ ಅಳೆಯುವ ಒಂದು ಸೆನ್ಸರ್ ಇದೆ ಅಂದುಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೊಂದು ಅಳತೆ ಕಳಿಸಿದರೆ ಸಾಕು. ಮಳೆ ಹಿಡಿದು ರೆಡ್ ಅಲರ್ಟ್ ಬಂದ ದಿನ ಮಾತ್ರ ‘ಇನ್ನು ನಿಮಿಷಕ್ಕೊಂದು ಅಳತೆ ಕಳಿಸು’ ಎಂದು ಕಾರವಾರದಿಂದ ಹೇಳಬೇಕಾಗುತ್ತದೆ. ಆ ಮಾತು ಮೂರು ತಾಸು ಬಿಟ್ಟು ತಲುಪಿದರೆ ಏನು ಪ್ರಯೋಜನ? ವೇಕ್-ಅಪ್ ಸಿಗ್ನಲ್ಲಿನ ಬೆಲೆ ನನಗೆ ಕಾಣುವುದು ಇಂಥ ಕಡೆಯಲ್ಲೇ. ಬ್ಯಾಟರಿಯೂ ಉಳಿಯಬೇಕು, ಕರೆದ ಕೂಡಲೇ ಏಳಲೂಬೇಕು.

ಮೊಬೈಲ್ ನೆಟ್‌ವರ್ಕುಗಳ ನಿಯಮ ಬರೆಯುವ 3ಜಿಪಿಪಿ ಒಕ್ಕೂಟ ಇದನ್ನು 2018ರ ರಿಲೀಸ್ 15 ಎಂಬ ನಿಯಮಗಳ ಆವೃತ್ತಿಯಲ್ಲಿ ಎನ್‌ಬಿ-ಐಒಟಿ ಮತ್ತು ಅದೇ ಥರದ ಎಲ್‌ಟಿಇ-ಎಂ ಸಾಧನಗಳಿಗೆ ಸೇರಿಸಿತು. ಇದರ ಲಾಭ ಹೆಚ್ಚು ಆಗುವುದು ನಮ್ಮ ಕಣಿವೆಗಳಂಥ ಜಾಗದಲ್ಲಿ. ಸಿಗ್ನಲ್ ದುರ್ಬಲ ಇದ್ದಲ್ಲಿ ಟವರ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಎನ್‌ಬಿ-ಐಒಟಿಯ ಕಂಟ್ರೋಲ್ ಚಾನೆಲ್‌ನಲ್ಲಿ, ಅಂದರೆ ಟವರ್ ಸೂಚನೆ ಕಳಿಸುವ ದಾರಿಯಲ್ಲಿ, ಇದು 2048 ಸಲದವರೆಗೂ ಹೋಗಬಹುದು. ತಗ್ಗಿನ ತೋಟದ ವಾಲ್ವ್ ಅದನ್ನೆಲ್ಲ ಕೂಡಿಸಿಕೊಂಡು, ಬಿಡಿಸಿ ನೋಡಿ, ಕೊನೆಗೆ ‘ಓ, ನನಗೇನೂ ಇಲ್ಲ’ ಎಂದು ಮಲಗಬೇಕು. ಗುಡ್ಡದ ತುದಿಯ ಅಂಥದ್ದೇ ವಾಲ್ವಿಗಿಂತ ಇದರ ಬ್ಯಾಟರಿ ಬೇಗ ಮುಗಿಯುವುದು ಇದಕ್ಕೇ. ವೇಕ್-ಅಪ್ ಸಿಗ್ನಲ್ ಆದರೆ ಮೊದಲೇ ಗೊತ್ತಿರುವ ಒಂದು ವಿನ್ಯಾಸ. ಅದು ಇದೆಯೋ ಇಲ್ಲವೋ ಅಂತ ಗುರುತಿಸಿದರೆ ಮುಗಿಯಿತು, ಒಳಗಿನ ಮಾತು ಬಿಡಿಸುವ ಕೆಲಸವೇ ಇಲ್ಲ.

ಅದರಲ್ಲೂ ಒಂದು ತೊಡಕಿತ್ತು. ಒಂದೇ ಪೇಜಿಂಗ್ ಹೊತ್ತನ್ನು ಹಲವು ಸಾಧನ ಹಂಚಿಕೊಂಡಿರುತ್ತವೆ. ಒಂದನ್ನು ಕರೆದರೆ ಎಲ್ಲವೂ ಏಳುತ್ತಿದ್ದವು. ಮುಂದೆ ರಿಲೀಸ್ 16ರಲ್ಲಿ ಅವನ್ನು ಗುಂಪು ಮಾಡಿ, ಗುಂಪಿಗೊಂದು ಸಂಕೇತ ಕೊಟ್ಟರು. ಹಾಗಂತ ಪ್ರತಿ ಸಾಧನಕ್ಕೂ ಬೇರೆ ಸಂಕೇತ ಕೊಡಲು ಹೊರಟರೆ ಸಂಕೇತ ಉದ್ದವಾಗುತ್ತದೆ, ಟವರಿನ ಸಮಯವೂ ವ್ಯರ್ಥ. ತೀರಾ ಚಿಕ್ಕದು ಮಾಡಿದರೆ ಕರೆಯದವರೆಲ್ಲ ಏಳುತ್ತಾರೆ. ಈ ಎರಡರ ನಡುವೆ ಹದ ಹುಡುಕುವುದೇ ಇಲ್ಲಿಯ ಎಂಜಿನಿಯರಿಂಗ್.

ಇಷ್ಟಾದರೂ ಸಂಕೇತ ಕೇಳಲು ಮುಖ್ಯ ರೇಡಿಯೊವೇ ಆಗಾಗ ಏಳಬೇಕು. ಮುಂದಿನ ಹೆಜ್ಜೆ ಅಂದರೆ ಅದಕ್ಕೊಂದು ಬೇರೆ ಪುಟ್ಟ ರಿಸೀವರ್. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಕಂಬಳಿ ಹೊದ್ದು ಮಲಗಿದವರಿಗೆ ಭಾಗವತರ ಪದ ಕೇಳುವುದಿಲ್ಲ, ಬಣ್ಣದ ವೇಷಕ್ಕೆ ಚಂಡೆ ಬಿದ್ದರೆ ಮಾತ್ರ ದಡಕ್ಕನೆ ಏಳುತ್ತಾರೆ. ಈ ರಿಸೀವರ್ ಕೇಳುವುದೂ ಅಷ್ಟನ್ನೇ. ರೇಡಿಯೊ ಅಲೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇದಕ್ಕೆ ಆನ್-ಆಫ್ ಕೀಯಿಂಗ್ ಎನ್ನುತ್ತಾರೆ.

ವೈ-ಫೈಯಲ್ಲಿ ಈ ಕೆಲಸಕ್ಕೆ 802.11ಬಿಎ ಎಂಬ ಮಾನದಂಡ 2021ರಲ್ಲಿ ಒಪ್ಪಿಗೆ ಪಡೆಯಿತು. ಪುಟ್ಟ ರಿಸೀವರ್ 1 ಮಿಲಿವ್ಯಾಟಿಗಿಂತ ಕಡಿಮೆಯಲ್ಲಿ ನಡೆಯಬೇಕು ಎಂಬುದು ಅದರ ಗುರಿ. ವೇಗ ಸೆಕೆಂಡಿಗೆ 62.5 ಅಥವಾ 250 ಕಿಲೋಬಿಟ್, ಅಷ್ಟೇ. ಅದರ ಒಂದು ಜಾಣತನ ನನಗೆ ತುಂಬಾ ಹಿಡಿಸಿತು. ಎಬ್ಬಿಸುವ ಸಂಕೇತದ ಮುಂದೆ ಮಾಮೂಲಿ ವೈ-ಫೈಯ ಆರಂಭದ ತುಣುಕನ್ನೇ ಅಂಟಿಸುತ್ತಾರೆ. ಪುಟ್ಟ ರಿಸೀವರಿಗೆ ಅದು ಬೇಕಿಲ್ಲ. ಸುತ್ತಲಿನ ಹಳೆಯ ವೈ-ಫೈ ಸಾಧನಗಳು ಮಾತ್ರ ಅದನ್ನು ಕೇಳಿ ‘ಯಾರೋ ಮಾತಾಡ್ತಿದ್ದಾರೆ’ ಎಂದು ಸುಮ್ಮನಿರುತ್ತವೆ.

5ಜಿಯಲ್ಲಿ ಇಂಥ ರಿಸೀವರಿನ ಅಧ್ಯಯನ ರಿಲೀಸ್ 18ರಲ್ಲಿ ನಡೆಯಿತು, ನಿಯಮ ಬರೆಯುವ ಕೆಲಸ ರಿಲೀಸ್ 19ಕ್ಕೆ ಬಂತು. ಸರಳ ರಿಸೀವರಿಗೆ ಕಿವಿ ಸ್ವಲ್ಪ ಮಂದ ಎಂಬುದು ಇದರ ಮಿತಿ. ಟವರಿನ ಸಿಗ್ನಲ್ ಒಂದು ಮಟ್ಟಕ್ಕಿಂತ ಇಳಿದರೆ ಸಾಧನ ಮುಖ್ಯ ರೇಡಿಯೊದ ಹಳೆಯ ಪೇಜಿಂಗಿಗೇ ಮರಳಬೇಕು.

ಹಾಗಾಗಿ ತೋಟಕ್ಕೆ ವಾಲ್ವ್ ಅಥವಾ ಸೆನ್ಸರ್ ಕೊಳ್ಳುವವರು ‘ಬ್ಯಾಟರಿ 10 ವರ್ಷ’ ಎಂಬ ಮಾತಿಗೇ ನಿಲ್ಲಬೇಡಿ. ನೀವು ಕರೆದರೆ ಅದು ಎಷ್ಟು ಹೊತ್ತಿಗೆ ಏಳುತ್ತದೆ, ಆ ಹತ್ತು ವರ್ಷದ ಲೆಕ್ಕ ಎಂಥ ಸಿಗ್ನಲ್ ಇರುವ ಜಾಗದ್ದು, ವೇಕ್-ಅಪ್ ಸಿಗ್ನಲ್ ಇದ್ದರೆ ನಿಮ್ಮ ಸಿಮ್ಮಿನ ನೆಟ್‌ವರ್ಕ್ ಅದನ್ನು ಚಾಲೂ ಮಾಡಿದೆಯಾ ಅಂತ ಕೇಳಿ. ಟವರ್ ಕಳಿಸದಿದ್ದರೆ ಸಾಧನದಲ್ಲಿ ಆ ಸೌಲಭ್ಯ ಇದ್ದೂ ಉಪಯೋಗವಿಲ್ಲ.