ಪ್ಯಾನ್ ಕಾರ್ಡಿನ ಫೋಟೊದಲ್ಲಿ ಮೋಸ ಪತ್ತೆ ಹೇಗೆ?

ಮೊಬೈಲಿನಲ್ಲೇ ಬ್ಯಾಂಕ್ ಖಾತೆ ತೆರೆಯುವಾಗ ಪ್ಯಾನ್ ಕಾರ್ಡಿನ ಫೋಟೊ ಕೇಳುತ್ತಾರಲ್ಲ, ಅದನ್ನು ಸಾಮಾನ್ಯವಾಗಿ ಮೊದಲು ನೋಡುವುದು ಸಾಫ್ಟ್‌ವೇರ್. ಕಾರ್ಡಿನ ಅಂಚು ಗುರುತಿಸಿ, ಓರೆಯಾಗಿದ್ದರೆ ನೇರ ಮಾಡಿ, ಅಕ್ಷರಗಳನ್ನು ಓದಿಕೊಳ್ಳುತ್ತದೆ.

ಆಮೇಲಿನ ಮೊದಲ ತಪಾಸಣೆಗೆ ಮಷಿನ್ ಲರ್ನಿಂಗ್ (ಉದಾಹರಣೆಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ಬೇಕೇ ಇಲ್ಲ. ಪ್ಯಾನ್ ಸಂಖ್ಯೆಯಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ವ್ಯಕ್ತಿಯ ಕಾರ್ಡಾದರೆ ನಾಲ್ಕನೆಯದು 'ಪಿ', ಐದನೆಯದು ಉಪನಾಮದ ಮೊದಲಕ್ಷರ. ಆದರೆ ಮದುವೆಯಾಗಿ ಉಪನಾಮ ಬದಲಿಸಿಕೊಂಡವರ ಪ್ಯಾನ್ ಸಂಖ್ಯೆ ಹಳೆಯದೇ ಇರುತ್ತದೆ. ಈ ನಿಯಮವನ್ನು ಕಣ್ಣುಮುಚ್ಚಿ ಹೇರಿದರೆ ಅವರೆಲ್ಲ ಮೋಸಗಾರರ ಪಟ್ಟಿಗೆ ಸೇರುತ್ತಾರೆ.

ನಿಜವಾದ ಕಷ್ಟ ಬೇರೆ. ಕಾರ್ಡು ಅಸಲಿ, ಸಂಖ್ಯೆಯೂ ಅಸಲಿ. ಹುಟ್ಟಿದ ವರ್ಷದ ಒಂದೇ ಒಂದು ಅಂಕಿಯನ್ನು ತಿದ್ದಿದ್ದಾರೆ ಅಂದುಕೊಳ್ಳಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಫೋಟೊಗಳ ಸಾಮಾನ್ಯ ಫೈಲ್ ರೂಪವಾದ ಜೆಪೆಗ್‌ನಲ್ಲಿ ಚಿತ್ರವನ್ನು ಉಳಿಸುವಾಗ 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸಲಾಗುತ್ತದೆ. ಬೇರೆ ಕಡೆಯಿಂದ ತಂದು ಅಂಟಿಸಿದ ಅಂಕಿಯ ಚೌಕಗಳು ಸುತ್ತಲಿನ ಚೌಕಗಳ ಸಾಲಿಗೆ ಹೊಂದುವುದು ಅಪರೂಪ. ಕ್ಯಾಮೆರಾ ಚಿತ್ರದಲ್ಲಿ ಮೂಡಿಸುವ ಕಾಳುಕಾಳಾದ ಸಣ್ಣ ಚುಕ್ಕೆಗಳೂ ಅಲ್ಲಿ ಬೇರೆಯಾಗಿರುತ್ತವೆ. ಮಷಿನ್ ಲರ್ನಿಂಗ್‌ನ ಒಂದು ಬಗೆಯಾದ ನ್ಯೂರಲ್ ನೆಟ್‌ವರ್ಕ್ ಕಲಿಯುವುದು ಇಂಥ ವ್ಯತ್ಯಾಸಗಳನ್ನು. ಪರದೆ ಮೇಲಿನ ಚಿತ್ರವನ್ನೇ ಮತ್ತೆ ಫೋಟೊ ತೆಗೆದಿದ್ದರೆ ಅಲೆಅಲೆಯಾದ ಪಟ್ಟೆಗಳು ಸುಳಿವು ಕೊಡುತ್ತವೆ. ಅದೇ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹಾದುಬಂದರೆ ಮತ್ತೊಮ್ಮೆ ಕುಗ್ಗಿ, ಈ ಸುಳಿವುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. ಗ್ಯಾಲರಿಯಿಂದ ಬೇಡ, ಈಗಲೇ ಫೋಟೊ ತೆಗೆಯಿರಿ ಎಂದು ಆ್ಯಪ್‌ಗಳು ಹಟ ಹಿಡಿಯಲು ಇದೂ ಒಂದು ಕಾರಣ.

ಇಂಥ ನೆಟ್‌ವರ್ಕಿನ ತರಬೇತಿಗೆ ಸಿಗುವ ನಿಜವಾದ ನಕಲಿಗಳು ಕಡಿಮೆ. ಹಾಗಾಗಿ ತಂಡಗಳು ತಾವೇ ನಕಲಿ ಸೃಷ್ಟಿಸುತ್ತವೆ. ಅಪಾಯ ಅಲ್ಲೇ ಇದೆ: ಮಾದರಿಯು (ಹೀಗೆ ತರಬೇತಿ ಪಡೆದ ಸಾಫ್ಟ್‌ವೇರ್) ಮೋಸವನ್ನು ಕಲಿಯುವ ಬದಲು ಆ ನಕಲಿ ತಯಾರಿಸಿದ ಸಾಫ್ಟ್‌ವೇರಿನ ಗುರುತನ್ನು ಕಲಿತುಬಿಡುತ್ತದೆ. ತಿದ್ದುವ ಒಂದು ವಿಧಾನವನ್ನು ತರಬೇತಿಯಿಂದ ಪೂರ್ತಿ ಹೊರಗಿಟ್ಟು, ಅದರ ಮೇಲೆ ಪರೀಕ್ಷಿಸಿದರೆ ಮಾತ್ರ ನಿಜ ಗೊತ್ತಾಗುತ್ತದೆ.

'ಶೇ. 99 ನಿಖರ' ಎಂಬ ಜಾಹೀರಾತನ್ನೂ ಲೆಕ್ಕ ಹಾಕಿಯೇ ನಂಬಬೇಕು. 1,00,000 ಅರ್ಜಿಗಳಲ್ಲಿ 100 ನಕಲಿ ಇದ್ದವು ಎನ್ನೋಣ. ನಕಲಿಯಲ್ಲೂ ಅಸಲಿಯಲ್ಲೂ ನೂರಕ್ಕೆ 99 ಸರಿ ಹೇಳುವ ಮಾದರಿ 99 ನಕಲಿಗಳನ್ನು ಹಿಡಿಯುತ್ತದೆ, ಜೊತೆಗೆ 999 ಪ್ರಾಮಾಣಿಕರನ್ನೂ ತಡೆಯುತ್ತದೆ. ಆದ್ದರಿಂದ ಅನುಮಾನ ಬಂದ ಅರ್ಜಿಯನ್ನು ನೇರ ತಿರಸ್ಕರಿಸುವುದು ಅನ್ಯಾಯ. ಆರ್‌ಬಿಐ 2020ರಲ್ಲಿ ಒಪ್ಪಿದ ವಿಡಿಯೊ ಗುರುತಿಸುವಿಕೆಗೆ ಕಳಿಸಿ ಬ್ಯಾಂಕ್ ಸಿಬ್ಬಂದಿಯೇ ಮಾತನಾಡಿಸಲಿ. ಇಲ್ಲವೇ ಆಧಾರ್‌ನ ಕ್ಯೂಆರ್ ಕೋಡ್ ಕೇಳಲಿ. ಅದರಲ್ಲಿ ಹೆಸರು, ಫೋಟೊಗಳ ಜೊತೆ ಆಧಾರ್ ನೀಡುವ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ.